ಗಿರ್ಮಿಟ್ ಮತ್ತು ಮಿರ್ಚಿ: ಹುಬ್ಬಳ್ಳಿ-ಧಾರವಾಡದ ಸಂಜೆಯ ತಿನಿಸನ್ನು ಮನೆಯಲ್ಲಿ ಮಾಡುವ ಕ್ರಮ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆಯ ಹೊತ್ತು ಗಾಡಿಯ ಮುಂದೆ ನಿಂತು ಗಿರ್ಮಿಟ್ ಕೇಳಿದರೆ, ಮೊದಲೇ ಸಿದ್ಧಪಡಿಸಿಟ್ಟ ಗಿರ್ಮಿಟ್ಟನ್ನು ಯಾರೂ ತೆಗೆದುಕೊಡುವುದಿಲ್ಲ, ಏಕೆಂದರೆ ಅಂಥದ್ದು ಅಲ್ಲಿ ಇರುವುದೇ ಇಲ್ಲ. ಗಾಡಿಯ ಮೇಲೆ ಇರುವುದು ಚೀಲದ ತುಂಬ ಮಂಡಕ್ಕಿ, ಅಗಲವಾದ ಪಾತ್ರೆಯಲ್ಲಿ ಕುದಿದು ಗಟ್ಟಿಯಾದ ಗೊಜ್ಜು, ಡಬ್ಬಿಯಲ್ಲಿ ಪುಟಾಣಿ (ಹುರಿಗಡಲೆ) ಹಿಟ್ಟು, ಪಕ್ಕದಲ್ಲಿ ಹೆಚ್ಚಿಟ್ಟ ಉಳ್ಳಾಗಡ್ಡಿ, ಕೊತ್ತಂಬರಿ ಮತ್ತು ಸೇವು. ಗಿರಾಕಿ ಬಂದು ನಿಂತ ಮೇಲೆಯೇ ಇವೆಲ್ಲ ಒಂದು ಬೋಗುಣಿಯೊಳಗೆ ಸೇರುತ್ತವೆ, ಕೈಯಿಂದ ನಾಲ್ಕಾರು ಸಲ ಕೆಳಮೇಲಾಗುತ್ತವೆ, ತಟ್ಟೆಗೆ ಬೀಳುತ್ತವೆ. ಬಾಣಲೆಯಿಂದ ಆಗಷ್ಟೇ ಎತ್ತಿದ ಎರಡು ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಅದರ ಬದಿಗೆ ಬಂದು ಕೂರುತ್ತವೆ. ತಟ್ಟೆ ಕೈಗೆ ಬಂದ ಗಳಿಗೆಯಿಂದ ತಿನ್ನುವವರಿಗೆ ಇರುವ ಕಾಲಾವಕಾಶ ಐದಾರು ನಿಮಿಷ ಮಾತ್ರ. ಅದನ್ನು ಮೀರಿದರೆ ಮಂಡಕ್ಕಿ ಮೆತ್ತಗಾಗಿ, ತಟ್ಟೆಯಲ್ಲಿ ಉಳಿಯುವುದು ಬೇರೆಯದೇ ಒಂದು ತಿನಿಸು.

ಈ ಮಾರ್ಗದರ್ಶಿಯ ಆಧಾರ ಇದೊಂದೇ ಸಂಗತಿ. ಗಿರ್ಮಿಟ್‌ನ ಪದಾರ್ಥಗಳು ಯಾವ ಅಂಗಡಿಯಲ್ಲಾದರೂ ಸಿಗುವಂಥವು, ಅವುಗಳ ಅಳತೆಯಲ್ಲಿಯೂ ದೊಡ್ಡ ಗುಟ್ಟಿಲ್ಲ. ಮನೆಯಲ್ಲಿ ಮಾಡಿದ ಗಿರ್ಮಿಟ್ ಗಾಡಿಯದರಂತೆ ಆಗಲಿಲ್ಲವೆಂದು ಹೇಳುವವರ ಅಡುಗೆಮನೆಯಲ್ಲಿ ಬಹುಮಟ್ಟಿಗೆ ತಪ್ಪಿರುವುದು ಕ್ರಮ ಮತ್ತು ಹೊತ್ತು: ಗೊಜ್ಜು ಬಿಸಿಯಿರುವಾಗಲೇ ಕಲಸಿರುತ್ತಾರೆ, ಇಲ್ಲವೆ ಕಲಸಿಟ್ಟ ಮೇಲೆ ಮಿರ್ಚಿ ಕರಿಯಲು ಒಲೆ ಹೊತ್ತಿಸಿರುತ್ತಾರೆ. ಯಾವುದನ್ನು ಬೆಳಿಗ್ಗೆಯೇ ಮಾಡಿಡಬಹುದು, ಯಾವುದನ್ನು ಕೊನೆಯ ಮೂರು ನಿಮಿಷಕ್ಕೆ ಬಿಡಬೇಕು ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ.

ಧಾರವಾಡದಲ್ಲಿ ಓದಿದವರು, ಹುಬ್ಬಳ್ಳಿಯಲ್ಲಿ ನೌಕರಿ ಮಾಡಿದವರು, ಗದಗ, ಹಾವೇರಿ, ಬಾಗಲಕೋಟೆಗಳಲ್ಲಿ ಬೆಳೆದವರು ಊರು ಬಿಟ್ಟು ಎಷ್ಟೇ ವರ್ಷವಾದರೂ ಮಳೆ ಹಿಡಿದ ಸಂಜೆ ಈ ತಿನಿಸನ್ನು ನೆನೆಯುತ್ತಾರೆ. ಅದಕ್ಕೆ ರುಚಿಯೊಂದೇ ಕಾರಣವಲ್ಲ. ಕಾಲೇಜಿನ ದಿನಗಳಲ್ಲಿ ಕಿಸೆಯಲ್ಲಿದ್ದ ಚಿಲ್ಲರೆಗೆ ಗೆಳೆಯರೆಲ್ಲ ಸೇರಿ ತಿನ್ನಬಹುದಾಗಿದ್ದ, ಒಂದೇ ತಟ್ಟೆಗೆ ಹಲವರು ಕೈ ಹಾಕಬಹುದಾಗಿದ್ದ ತಿನಿಸು ಇದು. ಮಂಡಕ್ಕಿಯಂತೂ ಉತ್ತರ ಕರ್ನಾಟಕದ ಬದುಕಿನೊಳಗೆ ಇನ್ನೂ ಆಳವಾಗಿ ಹೊಕ್ಕಿದೆ. ಬಾದಾಮಿಯ ಬನಶಂಕರಿ ಜಾತ್ರೆಗೆ, ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ಹುಬ್ಬಳ್ಳಿಯ ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಗೆ ಹೋದವರು ಬೆಂಡು ಬತ್ತಾಸಿನ ಜೊತೆಗೆ ಮಂಡಕ್ಕಿಯನ್ನು ಕಟ್ಟಿಸಿಕೊಳ್ಳದೆ ಮನೆಗೆ ಮರಳುವುದಿಲ್ಲ. ಜಾತ್ರೆಯಿಂದ ಬಂದ ಆ ಗಂಟು ಮರುದಿನ ಸಂಜೆ ಗಿರ್ಮಿಟ್ ಆಗುವುದು ಎಷ್ಟೋ ಮನೆಗಳ ವಾಡಿಕೆ.

ಇಲ್ಲಿ ಹೇಳುತ್ತಿರುವುದು ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್ ಬಗ್ಗೆ ಮಾತ್ರ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಮಾಡುವ ಸುಸಲಾ ಮತ್ತು ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಬೆಳಗಿನ ತಿಂಡಿಯಾಗಿ ಮಿರ್ಚಿಯ ಜೊತೆ ಕೊಡುವ ಒಗ್ಗರಣಿ ಇವೆರಡೂ ಮೆತ್ತಗಿರಬೇಕಾದ ತಿನಿಸುಗಳು. ಮೈಸೂರು ಕಡೆಯ ಚುರುಮುರಿಯಲ್ಲಿ ಬೇಯಿಸಿದ ಗೊಜ್ಜಿಲ್ಲ. ಅಲ್ಲಿ ತುರಿದ ಗಜ್ಜರಿ, ಹಸಿ ಈರುಳ್ಳಿ, ಖಾರದ ಪುಡಿ ಮತ್ತು ಎಣ್ಣೆಯದೇ ಆಟ. ಗಿರ್ಮಿಟ್ ಆ ಮೆತ್ತನೆಯ ತಿನಿಸುಗಳಿಗೂ ಈ ಚುರುಮುರಿಗೂ ನಡುವೆ ನಿಲ್ಲುತ್ತದೆ: ಬೇಯಿಸಿದ ಹುಳಿ-ಸಿಹಿ ಗೊಜ್ಜು ಒಳಗಿದ್ದೂ ಮಂಡಕ್ಕಿ ಹಲ್ಲಿಗೆ ಗರಿಯಾಗಿ ಸಿಗಬೇಕು.

ಬೇಕಾಗುವ ಸಾಮಾನು

ನಾಲ್ಕು ಜನರಿಗೆ ಸಂಜೆಯ ತಿನಿಸಾಗಿ ಸುಮಾರು 150 ಗ್ರಾಂ ಮಂಡಕ್ಕಿ ಸಾಕು. ನೋಡಲು ಇದು ದೊಡ್ಡ ಪಾತ್ರೆ ತುಂಬುವಷ್ಟಾಗುತ್ತದೆ. ಗೊಜ್ಜಿಗೆ ಮಧ್ಯಮ ಗಾತ್ರದ ಮೂರು ಉಳ್ಳಾಗಡ್ಡಿ, ಎರಡು ಟೊಮ್ಯಾಟೊ, ಆರೇಳು ಹಸಿಮೆಣಸಿನಕಾಯಿ, ಸಣ್ಣ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಎರಡು ದೊಡ್ಡ ಚಮಚ ಪುಡಿ ಮಾಡಿದ ಬೆಲ್ಲ, ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಅರಿಶಿನ ಮತ್ತು ಉಪ್ಪು ಬೇಕು. ಕಲಸುವಾಗ ಹಾಕಲು ಐದಾರು ದೊಡ್ಡ ಚಮಚ ಪುಟಾಣಿ ಹಿಟ್ಟು, ಸಣ್ಣಗೆ ಹೆಚ್ಚಿದ ಒಂದು ದೊಡ್ಡ ಉಳ್ಳಾಗಡ್ಡಿ, ಒಂದು ಟೊಮ್ಯಾಟೊ, ಹಿಡಿಯಷ್ಟು ಕೊತ್ತಂಬರಿ ಸೊಪ್ಪು, ಸಣ್ಣ ಸೇವು ಮತ್ತು ಅರ್ಧ ನಿಂಬೆಹಣ್ಣು. ಮಿರ್ಚಿಗೆ ಹನ್ನೆರಡು ಉದ್ದನೆಯ ಬಜ್ಜಿ ಮೆಣಸಿನಕಾಯಿ, 200 ಗ್ರಾಂ ಕಡಲೆ ಹಿಟ್ಟು, ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟು, ಅಜವಾನ, ಜೀರಿಗೆ, ಸ್ವಲ್ಪ ಹುಣಸೆಹಣ್ಣು, ಚಿಟಿಕೆ ಅಡಿಗೆ ಸೋಡಾ, ಉಪ್ಪು ಮತ್ತು ಕರಿಯಲು ಎಣ್ಣೆ.

ಮೊದಲು ಮಂಡಕ್ಕಿಯನ್ನು ಹದಕ್ಕೆ ತರುವುದು

ಮಂಡಕ್ಕಿ ಹೇಗೆ ತಯಾರಾಗುತ್ತದೆ ಎಂಬುದನ್ನು ಅರಿತಿದ್ದರೆ ಅದನ್ನು ಆರಿಸುವುದೂ ಬಳಸುವುದೂ ತಾನಾಗಿ ತಿಳಿಯುತ್ತದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಭಟ್ಟಿಯಲ್ಲಿ ಚೆನ್ನಾಗಿ ಕಾದ ಮರಳಿನೊಳಗೆ ಹುರಿದಾಗ ಕಾಳಿನ ಒಳಗಿದ್ದ ತೇವ ಒಮ್ಮೆಲೇ ಆವಿಯಾಗಿ, ಬೆಂದು ಗಟ್ಟಿಯಾಗಿದ್ದ ಅಕ್ಕಿಯನ್ನು ಹಿಗ್ಗಿಸಿ ಹೊರಬರುತ್ತದೆ. ದಾವಣಗೆರೆಯಲ್ಲಿ ಈ ಭಟ್ಟಿಗಳಿರುವ ಪ್ರದೇಶವೇ ಮಂಡಕ್ಕಿ ಭಟ್ಟಿ ಎಂಬ ಹೆಸರು ಪಡೆದಿದೆ. ಕೆಂಡದಂಥ ಸೆಕೆಯಲ್ಲಿ ನಿಂತು ಮರಳಾಡಿಸುವ ಅಲ್ಲಿನ ಕುಟುಂಬಗಳ ದುಡಿಮೆ ಇಲ್ಲದಿದ್ದರೆ ಮಧ್ಯ ಕರ್ನಾಟಕದ ಸಂಜೆಗಳಿಗೆ ಮಂಡಕ್ಕಿ-ಮಿರ್ಚಿಯ ಮಾತೇ ಇರುತ್ತಿರಲಿಲ್ಲ.

ಈ ಕ್ರಮದಿಂದ ಮೂರು ಸಂಗತಿಗಳು ಹೊರಡುತ್ತವೆ. ಮರಳಿನಲ್ಲಿ ಹುರಿದದ್ದಾದ್ದರಿಂದ ಬಿಡಿಯಾಗಿ ಕೊಂಡ ಮಂಡಕ್ಕಿಯನ್ನು ಜರಡಿಯಲ್ಲಿ ಜಾಲಿಸದೆ ಬಳಸಬಾರದು, ಚೀಲದ ತಳದ ಮಂಡಕ್ಕಿಯನ್ನು ಇನ್ನೂ ಎಚ್ಚರದಿಂದ ಜಾಲಿಸಬೇಕು. ಉಪ್ಪು ಮೊದಲೇ ಹಿಡಿದಿರುವುದರಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಿ, ಅದಕ್ಕೆ ತಕ್ಕಂತೆ ಗೊಜ್ಜಿನ ಉಪ್ಪನ್ನು ತಗ್ಗಿಸಬೇಕು. ಒಳಗೆಲ್ಲ ಟೊಳ್ಳಾಗಿರುವ ಈ ಕಾಳು ಗಾಳಿಯ ತೇವವನ್ನು ಬಲು ಬೇಗ ಹೀರಿಕೊಳ್ಳುತ್ತದೆ. ಆದ್ದರಿಂದ ಅಂಗಡಿಯಿಂದ ತಂದದ್ದು ಎಷ್ಟೇ ಹೊಸದಾಗಿರಲಿ, ಮಳೆಗಾಲದಲ್ಲಂತೂ ತಪ್ಪದೆ ಮತ್ತೊಮ್ಮೆ ಬೆಚ್ಚಗೆ ಮಾಡಬೇಕು.

ಬೆಚ್ಚಗೆ ಮಾಡಲು ದಪ್ಪ ತಳದ ಅಗಲ ಬಾಣಲೆಯನ್ನು ಸಣ್ಣ ಉರಿಯಲ್ಲಿಟ್ಟು, ಮಂಡಕ್ಕಿಯನ್ನು ಎರಡು ಮೂರು ಕಂತುಗಳಲ್ಲಿ ಹಾಕಿ, ಮೂರು ನಾಲ್ಕು ನಿಮಿಷ ಕೈಬಿಡದೆ ಕೆದಕಬೇಕು. ಬಣ್ಣ ಬದಲಾಗಬಾರದು. ಎರಡು ಬೆರಳುಗಳ ನಡುವೆ ಒತ್ತಿದಾಗ ಕಾಳು ಬಾಗದೆ ಪುಡಿಯಾದರೆ ಹದ ಬಂದಿತೆಂದು ತಿಳಿಯಬೇಕು. ಓವನ್ ಇದ್ದವರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಏಳೆಂಟು ನಿಮಿಷ ಇಡಬಹುದು. ಅನಂತರ ಅದು ಪೂರ್ತಿ ಆರಲೇಬೇಕು, ಆರಿದ ಮೇಲೆಯೇ ಮುಚ್ಚಳವಿರುವ ಡಬ್ಬಿಗೆ ಹೋಗಬೇಕು. ಬಿಸಿಯಿರುವಾಗ ಮುಚ್ಚಿಟ್ಟರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ.

ಗೊಜ್ಜು

ಗಿರ್ಮಿಟ್‌ನ ರುಚಿಯೆಲ್ಲ ಇರುವುದು ಗೊಜ್ಜಿನಲ್ಲಿ, ಆದ್ದರಿಂದ ಇದಕ್ಕೆ ಅವಸರ ಸಲ್ಲದು. ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಚೆನ್ನಾಗಿ ಕಿವುಚಿ, ಗಟ್ಟಿ ರಸ ತೆಗೆದಿಡಿ. ಉಳ್ಳಾಗಡ್ಡಿಯನ್ನು ಎಷ್ಟು ಸಣ್ಣಗೆ ಹೆಚ್ಚಲು ಸಾಧ್ಯವೋ ಅಷ್ಟು ಸಣ್ಣಗೆ ಹೆಚ್ಚಿ. ದೊಡ್ಡ ಹೋಳುಗಳು ಗೊಜ್ಜಿನಲ್ಲಿ ಕರಗದೆ ಉಳಿದು, ಕಲಸಿದಾಗ ಮಂಡಕ್ಕಿಗೆ ಅಂಟದೆ ತಳಕ್ಕೆ ಜಾರುತ್ತವೆ. ಹಸಿಮೆಣಸಿನಕಾಯಿಯನ್ನು ಅರ್ಧದಷ್ಟು ಜಜ್ಜಿ, ಉಳಿದರ್ಧವನ್ನು ಸಣ್ಣಗೆ ಹೆಚ್ಚಿಕೊಳ್ಳಿ.

ಎಣ್ಣೆ ಕಾದ ಮೇಲೆ ಸಾಸಿವೆ ಸಿಡಿಸಿ, ಜೀರಿಗೆ, ಕರಿಬೇವು ಹಾಕಿ, ಒಡನೆಯೇ ಹಸಿಮೆಣಸಿನಕಾಯಿಯನ್ನು ಹಾಕಿ ಒಂದು ನಿಮಿಷ ಹುರಿಯಿರಿ. ಮೆಣಸಿನಕಾಯಿ ಉಳ್ಳಾಗಡ್ಡಿಗಿಂತ ಮೊದಲು ಎಣ್ಣೆಗೆ ಬೀಳುವುದಕ್ಕೆ ಕಾರಣವಿದೆ. ಖಾರ ಕೊಡುವ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲೇ ಹುರಿದರೆ ಖಾರ ಎಣ್ಣೆಯ ಮೂಲಕ ಪ್ರತಿಯೊಂದು ಕಾಳಿಗೂ ಸಮನಾಗಿ ಹರಡುತ್ತದೆ, ಇಲ್ಲವಾದರೆ ಒಂದು ತುತ್ತು ಸಪ್ಪೆಯಾಗಿ ಇನ್ನೊಂದು ತುತ್ತು ಕಣ್ಣಲ್ಲಿ ನೀರು ತರಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪಕ್ಕದ ಹಾವೇರಿ ಜಿಲ್ಲೆಯದೇ ಆದರೂ ಅದರ ಕೆಂಪು ಪುಡಿಗೆ ಗಿರ್ಮಿಟ್‌ನಲ್ಲಿ ಜಾಗವಿಲ್ಲ. ಹಸಿಮೆಣಸಿನ ಖಾರ ಮತ್ತು ಅರಿಶಿನದ ಹಳದಿ, ಇವೆರಡೂ ಈ ತಿನಿಸಿನ ಗುರುತು.

ಈಗ ಉಳ್ಳಾಗಡ್ಡಿ ಹಾಕಿ, ಚಿಟಿಕೆ ಉಪ್ಪು ಉದುರಿಸಿ, ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಬಾಡಿಸಿ. ಅದು ಕೆಂಪಗಾಗಬೇಕಿಲ್ಲ, ಆದರೆ ಹಸಿ ವಾಸನೆ ಹೋಗಿ, ಸೌಟಿನಿಂದ ಒತ್ತಿದರೆ ನುಗ್ಗುವಷ್ಟು ಮೆತ್ತಗಾಗಬೇಕು. ಅರ್ಧ ಚಮಚ ಅರಿಶಿನ, ಅನಂತರ ಹೆಚ್ಚಿದ ಟೊಮ್ಯಾಟೊ. ಟೊಮ್ಯಾಟೊ ಬೇಡ, ಹುಣಸೆ ಹುಳಿಯೊಂದೇ ಸಾಕು ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡು ಟೊಮ್ಯಾಟೊ ಪೂರ್ತಿ ಕರಗಿ ಅದರ ನೀರೆಲ್ಲ ಆವಿಯಾದರೆ ಗೊಜ್ಜಿಗೆ ಒಂದು ಮೈ ಬರುತ್ತದೆ ಎಂಬುದು ನನ್ನ ಅನುಭವ. ಅದಕ್ಕಿಂತ ಹೆಚ್ಚಾದರೆ ಅದು ಪಲ್ಯದ ರುಚಿಗೆ ತಿರುಗುತ್ತದೆ. ಬೆಳ್ಳುಳ್ಳಿ ಮತ್ತು ಗರಂ ಮಸಾಲೆ ಇಲ್ಲಿ ಖಂಡಿತ ಬೇಡ. ಮಸಾಲೆಯ ಪರಿಮಳ ಬಂದರೆ ಹುಳಿ, ಸಿಹಿ, ಖಾರಗಳ ಸರಳವಾದ ಹೊಂದಾಣಿಕೆ ಮುಚ್ಚಿಹೋಗುತ್ತದೆ.

ಕೊನೆಯಲ್ಲಿ ಹುಣಸೆ ರಸ, ಬೆಲ್ಲ, ಉಪ್ಪು ಹಾಕಿ ಕುದಿಯಲು ಬಿಡಿ. ಗೊಜ್ಜು ಎಷ್ಟು ಗಟ್ಟಿಯಾಗಬೇಕೆಂಬ ಪ್ರಶ್ನೆಗೆ ಉತ್ತರ ಹೀಗಿದೆ: ಸೌಟನ್ನು ಬಾಣಲೆಯ ತಳದಲ್ಲಿ ಒಮ್ಮೆ ಎಳೆದರೆ ಮೂಡಿದ ದಾರಿ ಒಂದೆರಡು ಗಳಿಗೆ ಹಾಗೆಯೇ ಉಳಿದು ನಿಧಾನವಾಗಿ ಕೂಡಿಕೊಳ್ಳಬೇಕು, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿರಬೇಕು. ತೆಳುವಾದ ಗೊಜ್ಜಿನಲ್ಲಿ ಬಿಡಿ ನೀರು ಹೆಚ್ಚಿರುತ್ತದೆ, ಆ ನೀರೇ ಮಂಡಕ್ಕಿಯ ಶತ್ರು. ಎಣ್ಣೆಯನ್ನು ಕಡಿಮೆ ಮಾಡುವ ಆಸೆ ಬಂದರೂ ಇಲ್ಲಿ ತಡೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾಳಿನ ಮೇಲೆ ತೆಳ್ಳಗೆ ಹಿಡಿಯುವ ಎಣ್ಣೆಯೇ ತೇವ ಒಳಗಿಳಿಯುವುದನ್ನು ತುಸು ತಡಮಾಡುತ್ತದೆ. ರುಚಿ ನೋಡಿದಾಗ ಗೊಜ್ಜು ಬರಿಯ ನಾಲಿಗೆಗೆ ಸ್ವಲ್ಪ ಹೆಚ್ಚೇ ಹುಳಿ, ಹೆಚ್ಚೇ ಖಾರ, ಹೆಚ್ಚೇ ಸಿಹಿ ಎನ್ನಿಸಬೇಕು. ಮಂಡಕ್ಕಿಯ ರಾಶಿಯೊಳಗೆ ಹೋದ ಮೇಲೆ ಅದು ಹದಕ್ಕೆ ಇಳಿಯುತ್ತದೆ. ಈ ಅಳತೆಗೆ ಸುಮಾರು ಒಂದು ದೊಡ್ಡ ಲೋಟದಷ್ಟು ಗೊಜ್ಜು ಸಿಗುತ್ತದೆ. ಇದನ್ನು ಬೆಳಿಗ್ಗೆಯೇ ಮಾಡಿಟ್ಟರೆ ಸಂಜೆಯ ಹೊತ್ತಿಗೆ ರುಚಿ ಇನ್ನೂ ಕೂಡಿಕೊಂಡಿರುತ್ತದೆ. ಕಲಸುವ ವೇಳೆಗೆ ಅದು ಆರಿರಲೇಬೇಕು.

ಪುಟಾಣಿ ಹಿಟ್ಟು

ಬೆಂಗಳೂರು, ಮೈಸೂರಿನವರು ಹುರಿಗಡಲೆ ಎನ್ನುವ ಪುಟಾಣಿಯನ್ನು ಒಂದೆರಡು ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ನುಣ್ಣಗೆ ಪುಡಿ ಮಾಡಿ ಜಾಲಿಸಿದರೆ ಮುಗಿಯಿತು. ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಹಿಟ್ಟು ಮುದ್ದೆಗಟ್ಟುತ್ತದೆ. ಇದರ ಕೆಲಸ ಎರಡು: ಗೊಜ್ಜಿನಲ್ಲಿ ಉಳಿದ ತೇವವನ್ನು ಮಂಡಕ್ಕಿಗಿಂತ ಮೊದಲು ತಾನು ಹೀರಿಕೊಳ್ಳುವುದು, ಮತ್ತು ಪ್ರತಿ ತುತ್ತಿಗೂ ಹುರಿದ ಕಡಲೆಯ ಕಮ್ಮನೆಯ ಹಿನ್ನೆಲೆ ಕೊಡುವುದು. ಹಸಿ ಕಡಲೆ ಹಿಟ್ಟು ಇದರ ಬದಲಿಗೆ ಆಗದು.

ಮಿರ್ಚಿ

ಮಿರ್ಚಿಯಿಲ್ಲದ ಗಿರ್ಮಿಟ್ಟನ್ನು ತಿನ್ನಬಹುದು, ಆದರೆ ಆ ಕಡೆಯವರು ಅದನ್ನು ಅರ್ಧ ತಟ್ಟೆಯೆಂದೇ ಎಣಿಸುತ್ತಾರೆ. ಮೆಣಸಿನಕಾಯಿ ತಿಳಿ ಹಸಿರು ಬಣ್ಣದ್ದು, ನೆಟ್ಟಗಿರುವಂಥದ್ದು, ಗೇಣಿಗಿಂತ ತುಸು ಚಿಕ್ಕದು, ತೆಳು ಸಿಪ್ಪೆಯದು ಆಗಿರಬೇಕು. ಕಡು ಹಸಿರಾಗಿ ಗಿಡ್ಡಗಿರುವುದನ್ನು ಬಿಟ್ಟುಬಿಡಿ, ಅದರ ಖಾರ ತಡೆಯುವುದು ಕಷ್ಟ. ತೊಳೆದು, ಒಂದೊಂದನ್ನೂ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಒದ್ದೆ ಮೆಣಸಿನಕಾಯಿಗೆ ಹಿಟ್ಟು ಹಿಡಿಯುವುದಿಲ್ಲ, ಎಣ್ಣೆಯೂ ಸಿಡಿಯುತ್ತದೆ. ತೊಟ್ಟು ಇರಲಿ, ಕರಿಯುವಾಗ ಹಿಡಿಯಲು ಅದು ಬೇಕು.

ಒಂದು ಬದಿಯಲ್ಲಿ ಮಾತ್ರ ಉದ್ದಕ್ಕೆ ಸೀಳಿ, ತುದಿ ಮತ್ತು ಬುಡ ಬಿಡಿ. ಖಾರ ಹೆಚ್ಚಾಗಿ ಇರುವುದು ಬೀಜದಲ್ಲಿ ಎಂದು ಹಲವರು ತಿಳಿದಿದ್ದಾರೆ, ಆದರೆ ಅದು ತುಂಬಿರುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ದಿಂಡಿನಲ್ಲಿ. ಮಕ್ಕಳಿಗೂ ಹಿರಿಯರಿಗೂ ಮಾಡುವಾಗ ಚಮಚದ ಹಿಡಿಯಿಂದ ಆ ದಿಂಡನ್ನು ಕೆರೆದು ತೆಗೆದರೆ ಸಾಕು. ಒಳಗೆ ಸವರಲು ಜೀರಿಗೆ, ಅಜವಾನ, ಉಪ್ಪು ಮತ್ತು ಸ್ವಲ್ಪ ಹುಣಸೆಹಣ್ಣನ್ನು ಸೇರಿಸಿ ಗಟ್ಟಿಯಾಗಿ ಅರೆದುಕೊಳ್ಳಿ. ಈ ಲೇಪ ತೆಳ್ಳಗಿರಲಿ. ಹುಳಿ ಮತ್ತು ಉಪ್ಪು ಮೆಣಸಿನಕಾಯಿಯ ಹಸಿ ಖಾರವನ್ನು ತಗ್ಗಿಸುತ್ತವೆ, ಅಜವಾನ ಕರಿದ ಕಡಲೆ ಹಿಟ್ಟನ್ನು ಹೊಟ್ಟೆಗೆ ಹಗುರ ಮಾಡುತ್ತದೆಂದು ನಮ್ಮ ಹಿರಿಯರು ನಂಬಿಕೊಂಡು ಬಂದಿದ್ದಾರೆ.

ಕಡಲೆ ಹಿಟ್ಟು ಮತ್ತು ಅಕ್ಕಿ ಹಿಟ್ಟನ್ನು ಜಾಲಿಸಿ, ಉಪ್ಪು, ಅರಿಶಿನ, ಅಂಗೈಯಲ್ಲಿ ತಿಕ್ಕಿದ ಅಜವಾನ ಸೇರಿಸಿ. ನೀರನ್ನು ಒಮ್ಮೆಲೇ ಸುರಿಯದೆ, ಮೊದಲು ಗಟ್ಟಿಯಾಗಿ ಕಲಸಿ ಗಂಟುಗಳನ್ನು ಒಡೆದು, ಅನಂತರ ಸ್ವಲ್ಪ ಸ್ವಲ್ಪವೇ ಸಡಿಲಗೊಳಿಸಿ. ಈ ಹಿಟ್ಟನ್ನು ಐದು ನಿಮಿಷ ಒಂದೇ ದಿಕ್ಕಿಗೆ ಚೆನ್ನಾಗಿ ಕಡೆಯಬೇಕು. ಕಡೆದಂತೆಲ್ಲ ಗಾಳಿ ಸೇರಿ ಅದರ ಬಣ್ಣ ತಿಳಿಯಾಗುತ್ತದೆ. ಒಂದು ಹನಿಯನ್ನು ನೀರಿಗೆ ಬಿಟ್ಟಾಗ ತೇಲಿದರೆ ಕಡೆದದ್ದು ಸಾಕಾಯಿತು. ಹೀಗೆ ಕಡೆದ ಹಿಟ್ಟಿಗೆ ಸೋಡಾ ಬಲು ಕಡಿಮೆ ಸಾಕು. ಹತ್ತು ನಿಮಿಷ ಬಿಟ್ಟು, ಕರಿಯುವ ಮುನ್ನ ಚಿಟಿಕೆ ಸೋಡಾ ಮತ್ತು ಒಂದು ಚಮಚ ಕಾದ ಎಣ್ಣೆ ಹಾಕಿ ಕಲಸಿ. ಸೋಡಾ ಹೆಚ್ಚಾದರೆ ಮಿರ್ಚಿ ಎಣ್ಣೆ ಕುಡಿಯುತ್ತದೆ, ಬಾಯಿಗೂ ಒಂದು ಬಗೆಯ ಸೌಳು ರುಚಿ ಬರುತ್ತದೆ. ಬಣ್ಣದ ಪುಡಿಯಂತೂ ಬೇಕಾಗಿಯೇ ಇಲ್ಲ.

ಹಿಟ್ಟನ್ನು ಅಗಲ ಪಾತ್ರೆಯಲ್ಲಿಡದೆ ಎತ್ತರದ ಲೋಟಕ್ಕೆ ಸುರಿದುಕೊಂಡರೆ ತೊಟ್ಟು ಹಿಡಿದು ಅದ್ದಿದಾಗ ಇಡೀ ಮೆಣಸಿನಕಾಯಿ ಒಂದೇ ಸಲಕ್ಕೆ ಮುಳುಗುತ್ತದೆ, ಕೈಯೂ ಕೊಳೆಯಾಗುವುದಿಲ್ಲ. ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಅಳೆಯುವ ಸಾಧನ ಇಲ್ಲದವರು ಒಂದು ಹನಿ ಹಿಟ್ಟು ಬಿಟ್ಟು ನೋಡಿ, ಅದು ತಳ ಮುಟ್ಟಿ ಕೂಡಲೇ ಮೇಲೇರಬೇಕು, ಆದರೆ ಮೇಲೇರುತ್ತಲೇ ಕಂದಬಾರದು. ಮೂರು ನಾಲ್ಕರಂತೆ ಮಾತ್ರ ಬಿಡಿ. ಹೆಚ್ಚು ಬಿಟ್ಟರೆ ಎಣ್ಣೆ ತಣಿದು, ಹಿಟ್ಟು ಬಿಗಿಯುವ ಬದಲು ಎಣ್ಣೆಯನ್ನು ಹೀರತೊಡಗುತ್ತದೆ. ಝಾರಿಯಿಂದ ಎಣ್ಣೆಯನ್ನು ಮೇಲೆ ಚಿಮುಕಿಸುತ್ತ, ತಿರುವುತ್ತ, ತಿಳಿ ಹಳದಿ ಇರುವಾಗಲೇ ತೆಗೆದಿಡಿ. ಇದು ಮೊದಲನೆಯ ಕರಿತ, ಇದನ್ನು ಒಂದು ಗಂಟೆ ಮುಂಚೆಯೇ ಮುಗಿಸಿಕೊಳ್ಳಬಹುದು. ತಿನ್ನುವ ಹೊತ್ತಿಗೆ ಎಣ್ಣೆಯನ್ನು ಮತ್ತೆ ಚೆನ್ನಾಗಿ ಕಾಯಿಸಿ, ಒಂದೆರಡು ನಿಮಿಷ ಎರಡನೆಯ ಸಲ ಕರಿದರೆ ಹೊರಗೆ ಬಂಗಾರದ ಬಣ್ಣದ ಗರಿಗರಿ ಪದರ ಬರುತ್ತದೆ, ಒಳಗೆ ಮೆಣಸಿನಕಾಯಿ ಪೂರ್ತಿ ಬೆಂದಿರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬಿಸಿಯಾಗಿ ತಿನ್ನಬೇಕೆಂದರೆ ಎರಡು ಸಲ ಕರಿಯುವ ಈ ಕ್ರಮಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಎಣ್ಣೆ ಬಿಸಿಯಿರುವಾಗಲೇ ಒಂದಿಷ್ಟು ಸಣ್ಣ ಹಸಿಮೆಣಸಿನಕಾಯಿಗಳನ್ನು ಸೀಳಿ ಕರಿದು, ಉಪ್ಪಿನಲ್ಲಿ ಹೊರಳಿಸಿಟ್ಟುಕೊಂಡರೆ ಖಾರ ಬಲ್ಲವರಿಗೆ ನಂಜಿಕೊಳ್ಳಲು ಆಗುತ್ತದೆ. ಸೀಳದೆ ಕರಿದರೆ ಅವು ಎಣ್ಣೆಯಲ್ಲಿ ಸಿಡಿಯುತ್ತವೆ, ಎಚ್ಚರವಿರಲಿ.

ಕಲಸುವ ಮೂರು ನಿಮಿಷ

ಮಿರ್ಚಿಯನ್ನು ಎರಡನೆಯ ಸಲ ಎಣ್ಣೆಗೆ ಬಿಟ್ಟ ಮೇಲೆಯೇ ಕಲಸಲು ಕೈ ಹಾಕಬೇಕು, ಅದಕ್ಕಿಂತ ಮೊದಲು ಬೇಡ. ತಿನ್ನುವವರೆಲ್ಲ ಬಂದು ಕುಳಿತಿರಬೇಕು. ಹಬ್ಬದ ಊಟಕ್ಕೆ ಅಡುಗೆ ಜನರನ್ನು ಕಾಯುತ್ತದೆ; ಇಲ್ಲಿ ಜನರೇ ತಟ್ಟೆಗಾಗಿ ಕಾಯಬೇಕು.

ನಾಲ್ಕು ಜನರಿಗೆ ಬೇಕಾದದ್ದನ್ನು ಒಮ್ಮೆಲೇ ಕಲಸುವ ಬದಲು ಇಬ್ಬರಿಗಾಗುವಷ್ಟನ್ನು ಎರಡು ಸಲ ಕಲಸುವುದು ಲೇಸು. ಮಂಡಕ್ಕಿಯ ಅಳತೆಗಿಂತ ಎರಡು ಪಟ್ಟು ದೊಡ್ಡದಾದ ಬೋಗುಣಿಯನ್ನು ತೆಗೆದುಕೊಳ್ಳಿ. ಅರ್ಧ ಮಂಡಕ್ಕಿ ಹಾಕಿ, ಅದರ ಮೇಲೆ ಮೂರು ನಾಲ್ಕು ದೊಡ್ಡ ಚಮಚ ಗೊಜ್ಜನ್ನು ಒಂದೇ ಕಡೆ ಸುರಿಯದೆ ಅಲ್ಲಲ್ಲಿ ಹಾಕಿ, ಕೈಯನ್ನು ತಳಕ್ಕೆ ಕೊಂಡೊಯ್ದು ಮೇಲೆತ್ತುತ್ತ ಕಲಸಿ. ಹಿಸುಕಬಾರದು, ಒತ್ತಬಾರದು. ಎಲ್ಲ ಕಾಳುಗಳಿಗೂ ಹಳದಿ ಹಿಡಿದ ಮೇಲೆ ಎರಡೂವರೆ ಚಮಚ ಪುಟಾಣಿ ಹಿಟ್ಟನ್ನು ಮೇಲೆಲ್ಲ ಉದುರಿಸಿ ಮತ್ತೆ ಎರಡು ಸಲ ಮೇಲೆತ್ತಿ. ಗೊಜ್ಜಿಗಿಂತ ಮೊದಲು ಹಿಟ್ಟು ಹಾಕಿದರೆ ಒಣ ಕಾಳಿಗೆ ಅಂಟದೆ ತಳ ಸೇರುತ್ತದೆ, ಗೊಜ್ಜು ಹಿಡಿದ ಕಾಳಿನ ಮೇಲೆ ಉದುರಿಸಿದರೆ ಪದರವಾಗಿ ಕೂರುತ್ತದೆ.

ಆಮೇಲೆ ಹಸಿ ಉಳ್ಳಾಗಡ್ಡಿ ಮತ್ತು ಬೀಜ ತೆಗೆದು ಹೆಚ್ಚಿದ ಟೊಮ್ಯಾಟೊ. ಇವುಗಳಿಗೆ ಮೊದಲೇ ಉಪ್ಪು ಬೆರೆಸಿಡಬೇಡಿ, ನೀರು ಬಿಡುತ್ತವೆ. ರುಚಿ ನೋಡಿ, ಬೇಕಿದ್ದರೆ ಇನ್ನೊಂದು ಚಮಚ ಗೊಜ್ಜು ಸೇರಿಸಿ. ತಟ್ಟೆಗೆ ಹಾಕಿದ ಮೇಲೆ ಸೇವು, ಕೊತ್ತಂಬರಿ, ಮೇಲೆ ನಾಲ್ಕು ಹನಿ ನಿಂಬೆರಸ. ಬದಿಗೆ ಮಿರ್ಚಿ. ಒಂದು ತುತ್ತು ಗಿರ್ಮಿಟ್, ಒಂದು ಕಡಿತ ಮಿರ್ಚಿ ಎಂಬ ಕ್ರಮದಲ್ಲಿ ತಿನ್ನುತ್ತ ಹೋದರೆ ಹುಳಿ-ಸಿಹಿಯ ನಡುವೆ ಬಿಸಿ ಖಾರ ಬಂದು, ಆ ಖಾರವನ್ನು ಮುಂದಿನ ತುತ್ತಿನ ಬೆಲ್ಲ ತಣಿಸುತ್ತದೆ. ಕೊನೆಗೆ ಒಂದು ಚಹಾ. ಖಾರ ತೀರ ಹೆಚ್ಚಾದವರಿಗೆ ನೀರು ಕೊಟ್ಟು ಪ್ರಯೋಜನವಿಲ್ಲ, ಮಜ್ಜಿಗೆ ಕೊಡಿ.

ಹಳೆಯ ನೆನಪಿಗಾಗಿ ಪತ್ರಿಕೆಯ ಹಾಳೆಯ ಮೇಲೆ ಬಡಿಸುವ ಆಸೆ ಹಲವರಿಗೆ ಬರುತ್ತದೆ. ಮಸಿಯಲ್ಲಿರುವ ಸೀಸದಂಥ ಅಂಶಗಳು ಬಿಸಿ ಮತ್ತು ಎಣ್ಣೆಯ ತಿನಿಸಿಗೆ ಅಂಟುತ್ತವೆಂಬ ಕಾರಣಕ್ಕೆ, ಮುದ್ರಿತ ಪತ್ರಿಕೆಯಲ್ಲಿ ಆಹಾರವನ್ನು ಕಟ್ಟುವುದನ್ನೂ ಬಡಿಸುವುದನ್ನೂ ನಿಲ್ಲಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2023ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಿದೆ. ಬಾಳೆಎಲೆಯ ತುಂಡು ಅಥವಾ ಮುತ್ತುಗದ ಎಲೆಯ ದೊನ್ನೆ ಈ ತಿನಿಸಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಊರಿನಿಂದ ದೂರ ಇರುವವರಿಗೆ

ಹೊರದೇಶಗಳ ಭಾರತೀಯ ಅಂಗಡಿಗಳಲ್ಲಿ ಮಂಡಕ್ಕಿ ‘ಮಮ್ರಾ’ ಅಥವಾ ‘ಮುರ್ಮುರಾ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರಲ್ಲಿ ‘ಬಾಸ್ಮತಿ ಮಮ್ರಾ’ ಸಣ್ಣ, ಉದ್ದ ಕಾಳಿನದು, ಗೊಜ್ಜು ತಾಗಿದ ಕೂಡಲೇ ಕುಗ್ಗುತ್ತದೆ. ‘ಕೊಲ್ಹಾಪುರಿ ಮಮ್ರಾ’ ಎಂದು ಬರೆದದ್ದು ದಪ್ಪನಾಗಿ ಉಬ್ಬಿರುತ್ತದೆ, ನಮ್ಮ ಕಡೆಯ ಮಂಡಕ್ಕಿಗೆ ಹತ್ತಿರವಾದದ್ದು ಅದೇ. ಬೆಳಗಿನ ತಿಂಡಿಗೆಂದು ಹಾಲಿನ ಜೊತೆ ತಿನ್ನಲು ಮಾರುವ ಸಿಹಿ ಹಾಕಿದ ಅಕ್ಕಿಯ ಅರಳು ಇದಕ್ಕೆ ಆಗುವುದಿಲ್ಲ. ಪುಟಾಣಿಯನ್ನು ಅಲ್ಲಿ ‘ದಾಲಿಯಾ’ ಎಂದು ಮಾರುತ್ತಾರೆ; ಅದೇ ಹೆಸರಿನ ಗೋಧಿ ನುಚ್ಚೂ ಇರುವುದರಿಂದ ಪೊಟ್ಟಣವನ್ನು ನೋಡಿಯೇ ತೆಗೆದುಕೊಳ್ಳಬೇಕು. ಬಜ್ಜಿ ಮೆಣಸಿನಕಾಯಿ ಸಿಗದ ಕಡೆ ಅಮೆರಿಕದಲ್ಲಿರುವವರು ಬನಾನಾ ಪೆಪ್ಪರ್ ಅಥವಾ ಅನಾಹೈಮ್ ಮೆಣಸಿನಕಾಯಿಯನ್ನು, ಯುರೋಪಿನಲ್ಲಿರುವವರು ತುರ್ಕಿ ಅಂಗಡಿಗಳ ಉದ್ದನೆಯ ತಿಳಿ ಹಸಿರು ಮೆಣಸಿನಕಾಯಿಯನ್ನು ಬಳಸಬಹುದು. ಇವುಗಳಲ್ಲಿ ಖಾರ ಕಡಿಮೆ, ಆದ್ದರಿಂದ ಒಳಗಿನ ದಿಂಡನ್ನು ಕೆರೆಯದೆ ಬಿಡಿ, ಸವರುವ ಲೇಪಕ್ಕೆ ಒಂದೆರಡು ಸಣ್ಣ ಹಸಿಮೆಣಸಿನಕಾಯಿ ಸೇರಿಸಿ ಅರೆಯಿರಿ.

ಕನ್ನಡ ಸಂಘದ ಕೂಟಗಳಿಗೆ, ಮನೆಯ ದೊಡ್ಡ ಸಮಾರಂಭಗಳಿಗೆ ಮಾಡುವವರು ಐವತ್ತು ಜನರಿಗೆ ಒಂದೇ ಹಂಡೆಯಲ್ಲಿ ಕಲಸಿಡಬಾರದು. ಗೊಜ್ಜು, ಪುಟಾಣಿ ಹಿಟ್ಟು, ಹೆಚ್ಚಿದ ತರಕಾರಿ, ಬೆಚ್ಚಗೆ ಮಾಡಿ ಡಬ್ಬಿಯಲ್ಲಿಟ್ಟ ಮಂಡಕ್ಕಿ ಇವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಇಬ್ಬರು ನಿಂತು, ಬಂದವರಿಗೆ ಬಂದಂತೆ ಕಲಸಿ ಕೊಡಬೇಕು. ಒಬ್ಬರು ಕಲಸಿದರೆ ಇನ್ನೊಬ್ಬರು ಮೇಲಿನ ಸೇವು, ಕೊತ್ತಂಬರಿ ಹಾಕಿ ಮಿರ್ಚಿ ಇಡಲಿ. ಸಾಲಿನಲ್ಲಿ ನಿಂತವರು ಖಾರ ಹೆಚ್ಚು, ಸಿಹಿ ಕಡಿಮೆ, ಉಳ್ಳಾಗಡ್ಡಿ ಬೇಡ ಎಂದು ಹೇಳಿ ಮಾಡಿಸಿಕೊಳ್ಳುವುದಕ್ಕೂ ಆಗ ಅವಕಾಶವಿರುತ್ತದೆ, ಗಾಡಿಯ ಮುಂದೆ ನಿಂತಾಗಿನ ಸಲಿಗೆಯ ಮಾತುಕತೆಯೂ ಅದರೊಂದಿಗೆ ತಾನಾಗಿ ಬರುತ್ತದೆ.

ಉಳಿದ ಗೊಜ್ಜನ್ನು ಒಣಗಿದ ಗಾಜಿನ ಸೀಸೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಕೆಡುವುದಿಲ್ಲ. ತೆಗೆಯುವಾಗ ಒದ್ದೆ ಚಮಚ ತಾಗಿಸಬೇಡಿ, ಮತ್ತು ಕಲಸುವ ಅರ್ಧ ಗಂಟೆ ಮೊದಲೇ ಹೊರಗಿಡಿ. ತಣ್ಣಗಿರುವ ಗೊಜ್ಜಿನಲ್ಲಿ ಎಣ್ಣೆ, ಬೆಲ್ಲ ಬಿಗಿದುಕೊಂಡು ಅದು ಮಂಡಕ್ಕಿಗೆ ಹರಡದೆ ಮುದ್ದೆಯಾಗಿ ಕೂರುತ್ತದೆ. ಮಂಡಕ್ಕಿಯೇನಾದರೂ ಕಲಸಿದ ಮೇಲೆ ಉಳಿದು ಮೆತ್ತಗಾದರೆ ಅದನ್ನು ಎಸೆಯುವ ಅಗತ್ಯವಿಲ್ಲ. ಸ್ವಲ್ಪ ಎಣ್ಣೆಯಲ್ಲಿ ಶೇಂಗಾ ಕಾಳು, ಕರಿಬೇವಿನ ಒಗ್ಗರಣೆ ಕೊಟ್ಟು, ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿಟ್ಟರೆ ರಾತ್ರಿಯೇ ತಿನ್ನಬಹುದಾದ ಬಿಸಿ ಸುಸಲಾ ಸಿದ್ಧವಾಗುತ್ತದೆ.